ಒಂದು ಬೀಜಕ್ಕೆ ಒಂದು ಒಳ್ಳೇದು

"ಎಂಟೆ ಈಶೋಯೇ, ನನ್ನ ಯೇಸುವೇ! ಕೊಂತ ಮನೆಯಲ್ಲೇ ಬಿಟ್ಟು ಬಂದೆ!"

ಅಮ್ಮಚ್ಚಿ ಕೂಗಿದ ರಭಸಕ್ಕೆ ಬಸ್ಸಿನ ಎದುರು ಸೀಟಿನ ಪೋಕರ್ ಕಾಕನ ಮಡಿಲಲ್ಲಿದ್ದ ಹುಂಜವೂ ಬೆಚ್ಚಿ ಕೂಗಿತು.

ಅಮ್ಮಚ್ಚಿ ಅಂದರೆ ಜಿಸ್ಮಿಯ ಅಜ್ಜಿ; ಕೊಂತ ಅಂದರೆ ಅವರ ಜಪಮಾಲೆ. ಅದಿಲ್ಲದೆ ಅಮ್ಮಚ್ಚಿ ಅಂಗಡಿಗೆ ಸಕ್ಕರೆ ತರಲೂ ಹೋದವರಲ್ಲ. ಇವತ್ತಂತೂ ಇಚಿಲಂಪಾಡಿಯಿಂದ ಹೊರಟದ್ದು ಪುತ್ತೂರಿನ ಆಸ್ಪತ್ರೆಗೆ. ಹನ್ನೊಂದು ಗಂಟೆಗೆ ಜಿಸ್ಮಿಯ ಅಮ್ಮನಿಗೆ ಆಪರೇಷನ್. ಪಿತ್ತಕೋಶದಲ್ಲಿ ಕಲ್ಲು. ಅಮ್ಮ ಒಳಗೆ ಹೋಗುವ ಮೊದಲು ಒಮ್ಮೆ ಅವಳ ಮುಖ ನೋಡಬೇಕು ಅಂತ ಜಿಸ್ಮಿಗೆ ಆಸೆ.

ಡಾಕ್ಟರ್ ಹೇಳಿದ್ದು ಕಡಲೆಯಷ್ಟು ಕಲ್ಲು ಅಂತ. ಬಸ್ಸು ಹತ್ತುವಾಗ ಅಮ್ಮಚ್ಚಿಯ ಬಾಯಲ್ಲಿ ಅದು ನೆಲ್ಲಿಕಾಯಿಯಷ್ಟಾಗಿತ್ತು. ಕಡಬ ದಾಟುವಾಗ ಮಾವಿನಕಾಯಿ. ಹೀಗೇ ಬಿಟ್ಟರೆ ಪುತ್ತೂರು ಮುಟ್ಟುವಾಗ ಅಮ್ಮನ ಹೊಟ್ಟೆಯಲ್ಲಿ ರುಬ್ಬುವ ಕಲ್ಲೇ ಇರುತ್ತದೆ ಅನಿಸಿತು ಜಿಸ್ಮಿಗೆ. ನಗು ಮಾತ್ರ ಬರಲಿಲ್ಲ. ಬೆಳಿಗ್ಗೆಯಿಂದ ಹೆದರಿಕೆ ಅವಳ ಎದೆಯೊಳಗೆ ಕಿಟಕಿ ಬದಿಯ ಸೀಟು ಹಿಡಿದು ಕೂತುಬಿಟ್ಟಿತ್ತು.

"ಅಮ್ಮಚ್ಚಿ, ಸಂಡೇ ಸ್ಕೂಲಲ್ಲಿ ಸಿಸ್ಟರ್ ಹೇಳಿದ್ದಾರೆ. ಹೆದರಿಕೆ ಆದಾಗ ಸತ್ಯವಾದದ್ದು, ಚಂದದ್ದು, ಒಳ್ಳೇದು, ಅದನ್ನೇ ಯೋಚನೆ ಮಾಡ್ಬೇಕಂತೆ. ಆಗ ದೇವರ ಸಮಾಧಾನ ಬಂದು ಮನಸ್ಸಿಗೆ ಕಾವಲು ಕೂತ್ಕೊಳ್ತದಂತೆ."

"ನಂಗೂ ಗೊತ್ತುಂಟು ಮೋಳೇ. ಸತ್ಯವಾದದ್ದು ಅಲ್ವಾ? ನಮ್ಮ ಊರಿನ ಔಸೇಪ್ಪನ ಹೊಟ್ಟೆಯೊಳಗೆ ಕತ್ತರಿ ಬಿಟ್ಟು ಹೊಲಿಗೆ ಹಾಕಿದ್ದು ಸತ್ಯ."

"ಅದು ಚಂದದ್ದಾ?"

ಅಮ್ಮಚ್ಚಿ ಸ್ವಲ್ಪ ಯೋಚಿಸಿದರು. "ಸಣ್ಣ ಕತ್ತರಿ," ಅಂದರು.

ಇದು ಆಗುವ ಕೆಲಸ ಅಲ್ಲ ಅಂತ ಜಿಸ್ಮಿ ಚೀಲಕ್ಕೆ ಕೈ ಹಾಕಿದಳು. ಪುತ್ತೂರಿನ ಆಂಟಿಗೆ ಅಂತ ತಂದ ಹಲಸಿನ ಬೀಜ ಸಿಕ್ಕಿತು.

"ಮಣಿ ಇಲ್ಲದಿದ್ರೆ ಬೀಜ. ಒಂದು ಬೀಜಕ್ಕೆ ಒಂದು ಒಳ್ಳೇದು. ಹೇಳಿ ನೋಡುವ."

ಅಮ್ಮಚ್ಚಿ ಬೀಜ ಹಿಡಿದು ಕಣ್ಣು ಮುಚ್ಚಿದರು. "ನಮ್ಮ ಆಡು ಇವತ್ತು ಪಕ್ಕದವರ ಬದನೆ ಗಿಡ ತಿನ್ನಲಿಲ್ಲ." ಒಂದು ಕಣ್ಣು ತೆರೆದರು. "ತಿಂದಿರ್ಬಹುದು. ನಾವು ನೋಡ್ಲಿಲ್ಲ."

ಅಷ್ಟರಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಚೀಲ ಮಗುಚಿತು. ಬೀಜಗಳೆಲ್ಲ ಟಕಟಕ ಅಂತ ಸೀಟುಗಳ ಅಡಿಗೆ ಓಡಿದವು. ರಸ್ತೆಯ ನಡುವೆ ಒಂದು ನವಿಲು! ಹಾರ್ನ್ ಹೊಡೆದರೆ ಅದು ಓಡಲಿಲ್ಲ, ಗರಿ ಬಿಚ್ಚಿತು. ಇನ್ನೊಂದು ಹಾರ್ನ್ ಹೊಡೆದರೆ ಕುಣಿಯಲಿಕ್ಕೇ ಶುರು ಮಾಡಿತು.

"ಯಾರದ್ದು ಮಾರಾಯ್ರೆ ಈ ಬೀಜ?" ಕಂಡಕ್ಟರ್ ಸಂಕಪ್ಪಣ್ಣ ಕೇಳಿದರು.

ಅಮ್ಮಚ್ಚಿ ಎದ್ದು ನಿಂತರು. "ನಮ್ಮದು. ಆದ್ರೆ ಸುಮ್ಮನೆ ವಾಪಸ್ ಕೊಡುದು ಬೇಡ. ಒಂದು ಬೀಜದ ಜೊತೆ ಒಂದು ಒಳ್ಳೆ ಮಾತು ಹೇಳ್ಬೇಕು. ಸತ್ಯವೂ ಆಗ್ಬೇಕು, ಚಂದವೂ ಆಗ್ಬೇಕು. ನನ್ನ ಮಗಳಿಗೆ ಇವತ್ತು ಪಿತ್ತಕೋಶದ ಕಲ್ಲಿನ ಆಪರೇಷನ್ ಉಂಟು."

ಜನ ಸೀಟುಗಳ ಅಡಿಗೆ ಇಣುಕಿದರು. ಆಮೇಲೆ ಸಂಕಪ್ಪಣ್ಣ ಬಗ್ಗಿ ಒಂದು ಬೀಜ ಹೆಕ್ಕಿದರು. "ಈ ಬಸ್ಸಿಗೆ ಬ್ರೇಕ್ ಉಂಟು. ಇವತ್ತೇ ಗೊತ್ತಾದದ್ದು!"

ಎಲ್ಲರೂ ನಕ್ಕರು. ಪೋಕರ್ ಕಾಕ ಇನ್ನೊಂದು ಬೀಜ ತಂದರು. "ಈ ಹುಂಜವನ್ನು ಮೂರು ಸಲ ಮಾರಿದೆ. ಮೂರು ಸಲವೂ ದಾರಿ ಹುಡುಕಿ ನನ್ನ ಮನೆಗೇ ಬಂತು."

"ಈಗ ನಾಲ್ಕನೇ ಸಲ ಮಾರ್ಲಿಕ್ಕಾ ಕಾಕ?" ಜಿಸ್ಮಿ ಕೇಳಿದಳು.

"ಛೆ ಛೆ! ಈಗ ಅದಕ್ಕೆ ಪುತ್ತೂರು ತೋರಿಸ್ಲಿಕ್ಕೆ."

ಹೀಗೇ ಒಬ್ಬೊಬ್ಬರೂ ಒಂದೊಂದು ಒಳ್ಳೇದು ಹೇಳಿ ಬೀಜ ಕೊಟ್ಟರು. ಕೊನೆಗೆ ಒಂದು ಬೀಜ ಉಳಿಯಿತು. ಅದು ಕೊಡೆ ಹಿಡಿದು ಮುಖ ಗಂಟಿಕ್ಕಿ ಕೂತಿದ್ದ ವೆಂಕಟ್ರಮಣ ಮಾವನ ಚಪ್ಪಲಿಯ ಅಡಿಯಲ್ಲಿತ್ತು.

"ನನ್ನ ಹತ್ರ ಒಳ್ಳೇದು ಎಂತದ್ದೂ ಇಲ್ಲ," ಅಂದರು ಅವರು. "ಬೀಜ ಮಾತ್ರ ಉಂಟು."

"ಯೋಚನೆ ಮಾಡಿ ಮಾರಾಯ್ರೆ! ನವಿಲು ಹೋಗುವವರೆಗೆ ಟೈಮ್ ಉಂಟು!" ಹಿಂದಿನಿಂದ ಯಾರೋ ಕೂಗಿದರು.

ಅವರು ತಲೆ ಕೆರೆದುಕೊಂಡರು. ಕೊಡೆ ನೋಡಿದರು. ಹುಂಜ ನೋಡಿದರು. ಆಮೇಲೆ ಮೆಲ್ಲಗೆ, "ಹೋದ ವರ್ಷ ನಂಗೂ ಅದೇ ಕಲ್ಲು ಅಮ್ಮಾ. ಪುತ್ತೂರಲ್ಲೇ ತೆಗೆದದ್ದು. ಮರುದಿನ ಗಂಜಿ ಕುಡಿದೆ. ಉಪ್ಪಿನಕಾಯಿ ಕೇಳಿದೆ. ಕೊಡ್ಲಿಲ್ಲ. ಈಗಲೂ ಆ ಸಿಟ್ಟು ಉಂಟು."

ಅಮ್ಮಚ್ಚಿ ಕುತ್ತಿಗೆ ಮುಂದೆ ಚಾಚಿದರು. "ಎಷ್ಟು ದೊಡ್ಡ ಕಲ್ಲು?"

"ಕಡಲೆಯಷ್ಟು."

ಅಮ್ಮಚ್ಚಿ ನಿಧಾನಕ್ಕೆ ಸೀಟಿನಲ್ಲಿ ಕೂತರು. "ನಮ್ಮದೂ ಕಡಲೆಯಷ್ಟೇ," ಅಂದರು.

ನವಿಲು ಕುಣಿದು ಮುಗಿಸಿ ಹೋಯಿತು. ಆದರೆ ಆಸ್ಪತ್ರೆ ಮುಟ್ಟುವಾಗ ಹನ್ನೊಂದು ದಾಟಿತ್ತು. ಅಮ್ಮ ಆಗಲೇ ಒಳಗೆ ಹೋಗಿ ಆಗಿತ್ತು. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತ್ತು. ಹೊರಗಿನ ಕುರ್ಚಿಯಲ್ಲಿ ಪಪ್ಪ ಒಬ್ಬರೇ ಕೂತು, ಆ ಬಾಗಿಲನ್ನೇ ನೋಡುತ್ತಿದ್ದರು.

ಜಿಸ್ಮಿ ಪಪ್ಪನ ಪಕ್ಕ ಕೂತು ಅವರ ಅಂಗೈಯಲ್ಲಿ ಒಂದು ಬೀಜ ಇಟ್ಟಳು.

"ಇದೆಂತ?"

"ಒಂದು ಬೀಜಕ್ಕೆ ಒಂದು ಒಳ್ಳೇದು ಹೇಳ್ಬೇಕು ಪಪ್ಪ. ಸತ್ಯದ್ದೇ ಆಗ್ಬೇಕು."

ಪಪ್ಪ ಬೀಜವನ್ನು ತಿರುಗಿಸಿ ನೋಡಿದರು. "ಒಳಗೆ ಹೋಗುವಾಗ ಅಮ್ಮ ನಗಾಡಿದ್ಲು. 'ಜಿಸ್ಮಿ ಬಂದ್ರೆ ಮೊದಲು ತಿಂಡಿ ಕೊಡಿಸಿ, ಹಸಿದ್ರೆ ಅವಳಿಗೆ ಸಿಟ್ಟು ಬರ್ತದೆ' ಅಂದ್ಲು."

ಅಮ್ಮಚ್ಚಿ ಶಿಲುಬೆಯ ಗುರುತು ಹಾಕಿಕೊಂಡು ಬೀಜ ಹಿಡಿದು ಪ್ರಾರ್ಥನೆ ಶುರು ಮಾಡಿದರು.

ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಹೆದರಿಕೆಯೂ ಇಳಿದು ಹೋಗಿರಲಿಲ್ಲ. ಆದರೆ ಜಿಸ್ಮಿಯ ಎದೆಯೊಳಗೆ ಈಗ ನವಿಲು, ಹುಂಜ, ವೆಂಕಟ್ರಮಣ ಮಾವನ ಗಂಜಿ, ಅಮ್ಮನ ನಗು ಎಲ್ಲ ಹತ್ತಿ ಕೂತಿದ್ದವು. ಸೀಟು ಸಿಗದೆ ಹೆದರಿಕೆ ಹಿಂದೆ ಎಲ್ಲೋ ಕಂಬಿ ಹಿಡಿದು ನಿಂತಿತ್ತು.

ಪಪ್ಪ ಮತ್ತೆ ಕೈ ಚಾಚಿದರು.

"ಇನ್ನೊಂದು ಕೊಡು."