ದಂಡಿಗೆಯೊಳಗಿನ ಇಬ್ಬರು

"ಗಂಡು ಯಾರು?"

ಹಲೋ ಇಲ್ಲ, ಉಂಡ್ಯಾ ಎನ್ನುವುದೂ ಇಲ್ಲ. ಫೋನು ಎತ್ತಿದ ಕೂಡಲೇ ಅಪ್ಪ ಹೂವಪ್ಪ ಕೇಳಿದ್ದು ಇಷ್ಟೇ.

ಕುಮುದಾ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ತಿರುಗುತ್ತಿದ್ದ ಮಷಿನ್ನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಮಷಿನ್ನು ಬೆಚ್ಚಗಿರುತ್ತಿತ್ತು. ಬೆನ್ನುನೋವಿಗೆ ಅವಳು ಕಂಡುಕೊಂಡಿದ್ದ ಮದ್ದು ಅದೊಂದೇ. ಬೆಳಗಿನ ಐದಕ್ಕೆ ಎದ್ದು ಬೇಕರಿಯಲ್ಲಿ ಟ್ರೇ ತೊಳೆಯುವುದು, ಒಂಬತ್ತಕ್ಕೆ ಕ್ಲಾಸಿಗೆ ಓಡುವುದು, ಸಂಜೆ ಲೈಬ್ರರಿಯಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುವುದು. ಮೂರು ತಿಂಗಳಾಯಿತು, ದಿನವೂ ಹೀಗೆ.

ಆಸ್ಟ್ರೇಲಿಯಾದ ವೊಲಾಂಗಾಂಗ್ ಎಂಬ ಊರು ಅದು. ಎದುರಿಗೆ ಸಮುದ್ರ, ಬೆನ್ನಿಗೆ ಹಸಿರು ಗುಡ್ಡ. ಶಿವಮೊಗ್ಗದ ಕಾಲೇಜಿನಿಂದ ಒಂದು ಸೆಮಿಸ್ಟರ್ ಓದಿ ಬರಲು ಅವಳನ್ನು ಆರಿಸಿ ಕಳಿಸಿದ್ದರು. ಎಕ್ಸ್‌ಚೇಂಜ್ ಸ್ಟೂಡೆಂಟ್. ಕೆಳದಿ ಹತ್ತಿರದ ಅವಳ ಊರಿನಲ್ಲಿ ಆ ಮಾತು ಯಾರ ನಾಲಿಗೆಗೂ ಹೊರಳದೆ, "ಬದ್ಲಿ ಹೋಗಿದಾಳೆ" ಎಂದೇ ಎಲ್ಲರೂ ಹೇಳುತ್ತಿದ್ದರು, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆದ ಅವಳಪ್ಪನಿಗೆ ವರ್ಗವಾದ ಹಾಗೆ.

"ಯಾವ ಗಂಡು ಅಪ್ಪ?"

"ನೀನೇ ಕಳ್ಸೀಯಲ್ಲೆ ಫೋಟೋನ. ಹಸೆ ಬರ್ದು, ದಂಡಿಗೆ ಒಳಗೆ ಹೆಣ್ಣು ಗಂಡು ಇಬ್ರನ್ನೂ ಕೂರ್ಸೀಯ. ನಿನ್ ತಂಗಿ ಸುಮನಾ ಅದ್ನ ಸ್ಟೇಟಸ್ ಹಾಕಿದ್ಲು. ಬೆಳಗಿಂದ ಊರವ್ರೆಲ್ಲ, ಹೂವಪ್ಪ, ಮಗಳ ಮದ್ವಿ ಆತಂತೆ, ಊಟ ಹಾಕ್ಸಲಿಲ್ವ ಅಂತ ಕೇಳ್ತಾವ್ರೆ. ಕಂಬ ಹತ್ತಿದ್ರೂ ಕೆಳಗೆ ನಿಂತ್ಕಂಡು ಕೇಳ್ತಾರೆ ಮಾರಾಯ್ತಿ!"

ಕುಮುದಾ ಫೋನಿನಲ್ಲೇ ಆ ಫೋಟೋ ತೆರೆದು ನೋಡಿದಳು; ದಂಡಿಗೆಯೊಳಗೆ ಎರಡು ಗೊಂಬೆಗಳಿದ್ದವು.

ಅವರ ದೀವರ ಜಾತಿಯ ಮನೆಗಳಲ್ಲಿ ಹಸೆ ಚಿತ್ತಾರ ಸುಮ್ಮನೆ ಬರೆಯುವಂಥದ್ದಲ್ಲ. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆದು ಬರೆಯುವುದು. ಅದರ ಎದುರಿಗೇ ಮದುಮಕ್ಕಳನ್ನು ಕೂರಿಸುವುದು. ಚಿತ್ತಾರದ ನಡುವೆ ದಂಡಿಗೆ ಇರುತ್ತದೆ, ಎಂದರೆ ಪಲ್ಲಕ್ಕಿ. ಅದರೊಳಗೆ ಹೆಣ್ಣುಗಂಡಿನ ಗೊಂಬೆ ಬಂತೆಂದರೆ ಆ ಮನೆಯಲ್ಲಿ ಮದುವೆಯೆಂದೇ ಅರ್ಥ. ಕಲಿಯಲಿಕ್ಕೋ, ಯಾರಿಗೋ ತೋರಿಸಲಿಕ್ಕೋ ಬರೆದರೆ ದಂಡಿಗೆಯನ್ನು ಖಾಲಿ ಬಿಡಬೇಕು. ಅಜ್ಜಿ ಕನ್ನಮ್ಮ ಎಂಟು ವರ್ಷದ ಕುಮುದಾಳ ಕೈಗೆ ಪುಂಡಿನಾರಿನ ಕುಂಚ ಕೊಟ್ಟ ದಿನವೇ ಹೇಳಿಕೊಟ್ಟ ಮಾತು ಅದು.

ಕುಮುದಾ ಹಾಗೆ ಖಾಲಿಯೇ ಬಿಟ್ಟಿದ್ದಳು. ಯೂನಿವರ್ಸಿಟಿಯಲ್ಲಿ ದೇಶದೇಶದವರು ತಮ್ಮ ತಮ್ಮ ಊರಿನದೇನಾದರೂ ತೋರಿಸುವ ದಿನವೊಂದಿತ್ತು. ಅದಕ್ಕೆಂದು ಹಾಸ್ಟೆಲಿನ ಹಾಲಿನಲ್ಲಿ ದೊಡ್ಡ ಪ್ಲೈವುಡ್ ಹಲಗೆಗೆ ಕೆಂಪು ಬಣ್ಣ ಬಳಿದು ಹಸೆ ಬರೆದಿದ್ದಳು. ಖಾಲಿ ದಂಡಿಗೆಯವರೆಗೆ ಬಂದು, ನಿದ್ದೆ ಎಳೆದು, ಅಲ್ಲೇ ಸೋಫಾದ ಮೇಲೆ ಒರಗಿದ್ದಳು. ನಿನ್ನೆ ಬೆಳಿಗ್ಗೆ ಎದ್ದಾಗ ಬೇಕರಿಗೆ ಹೊತ್ತಾಗಿತ್ತು. ಓಡುತ್ತ ಓಡುತ್ತ ಒಂದು ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿದ್ದಳು. ನೋಡಿಯೂ ಇರಲಿಲ್ಲ.

"ನಿನ್ನಜ್ಜಿ ನಿನ್ನಪ್ಪಂಗೆ ಒಂದ್ಮಾತು ಹೇಳಿದ್ದು ಬಿಟ್ರೆ ನಿನ್ನೆಯಿಂದ ತುಟಿ ಎರಡು ಮಾಡಿಲ್ಲ," ಎಂದಳು ಅವ್ವ ಮೂಕಮ್ಮ ನಡುವೆ ಬಾಯಿ ಹಾಕಿ. "ಫೋಟೋನ ಕಣ್ಣಿಗೆ ಹಿಡ್ಕಂಡು ಕೂತೈತೆ. ಮೊಮ್ಮಗಳ ಹಸೆ ನಾನೇ ಬರಿಬೇಕು ಅಂತ ಎಷ್ಟು ವರ್ಷದಿಂದ ಹೇಳ್ತಿತ್ತು, ನಿಂಗೆ ಗೊತ್ತಿಲ್ವ?"

"ಇಷ್ಟೇ ನೋಡು ಮಗಾ," ಅಪ್ಪನ ದನಿ ಗಟ್ಟಿಯಾಯಿತು. "ಯಾರೂ ಇಲ್ಲ ಅಂತ ಒಂದ್ಮಾತು ಹೇಳು. ನಾನು ಎಲ್ರಿಗೂ ಹೇಳಿ ಮುಗಿಸ್ತೀನಿ. ಯಾರಾದ್ರೂ ಇದ್ರೆ, ಪರೀಕ್ಷೆ ಗಿರೀಕ್ಷೆ ಎಂತದೂ ಬ್ಯಾಡ. ಹೊರಟು ಬಾ."

ಯಾರೂ ಇಲ್ಲ. ಎರಡೇ ಮಾತು. ಹೇಳಿದರೆ ಮೂರು ತಿಂಗಳ ಈ ದುಡಿತಕ್ಕೊಂದು ಅರ್ಥ ಬರುತ್ತದೆ, ಪರೀಕ್ಷೆ ಬರೆದು ಮರ್ಯಾದೆಯಾಗಿ ಊರಿಗೆ ಹೋಗಬಹುದು. ಕುಮುದಾ ಬಾಯಿ ತೆರೆದಳು. ಆದರೆ ಬಂದದ್ದು ಬೇರೆ ಮಾತು.

"ಸಂಜಿಗೆ ಮಾಡ್ತೀನಿ ಅಪ್ಪ," ಎಂದು ಫೋನಿಟ್ಟಳು.

ಮಷಿನ್ನು ನಿಂತಿತ್ತು. ಅವಳು ಏಳಲಿಲ್ಲ.

ಪೂರ್ಣೇಶ್ ಸಿಕ್ಕಿದ್ದು ಜುಲೈನಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಬಸ್ ಸ್ಟಾಪಿನಲ್ಲಿ. ಚಳಿಗೆ ಹಲ್ಲು ಕಟಕಟ ಎನ್ನುತ್ತಿರುವಾಗ ಅವಳು ಅವ್ವನಿಗೆ ಫೋನಿನಲ್ಲಿ, "ಎಂತ ಚಳಿ ಅಂತೀಯ, ಮೂಗು ಐತೋ ಇಲ್ಲೋ ಗೊತ್ತಾಗ್ತಿಲ್ಲ," ಎನ್ನುತ್ತಿದ್ದಳು. ಹಿಂದಿನಿಂದ ಯಾರೋ ನಕ್ಕರು.

"ಐತೆ ಐತೆ. ಕೆಂಪಗಾಗಿದೆ ಅಷ್ಟೇ."

ತಿರುಗಿದರೆ, ಎತ್ತರದ ಹುಡುಗ. ಬಾಯಿಗೆ ಬಂದದ್ದನ್ನು ಆಡಿ ತಾನೇ ಹೆದರಿ ನಿಂತ ಕಣ್ಣು.

"ನಿಮಗೆ ಕನ್ನಡ ಬರುತ್ತಾ?"

"ತೀರ್ಥಳ್ಳಿ. ಮೇಳಿಗೆ. ನೀವು?"

"ಸಾಗರ."

"ಹಂಗಾರೆ ನಮ್ಮಿಬ್ರ ಮಧ್ಯ ಅಡ್ಡ ಇರೋದು ಹೊಸನಗರ ಒಂದೇ," ಎಂದಿದ್ದ.

ಅವನೂ ಅವಳ ಹಾಗೇ ಆರು ತಿಂಗಳ ಮಟ್ಟಿಗೆ ಬಂದವನು, ಮಂಗಳೂರಿನ ಕಾಲೇಜಿನಿಂದ. ಗೌಡರ ಮನೆಯ ಹುಡುಗ, ತಂದೆ ಇಲ್ಲ, ತಾಯಿ ತೀರ್ಥಹಳ್ಳಿ ಪೇಟೆಯಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಅಂಗಡಿ ಇಟ್ಟಿದ್ದರು. ಇಲ್ಲಿ ಅವನು ಹೋಟೆಲೊಂದರಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಬೆಳಿಗ್ಗೆ ಕ್ಲಾಸಿಗೆ ಹೋಗಲು ಒಂದೇ ಬಸ್ಸು ಇಬ್ಬರಿಗೂ. ಸಮುದ್ರದ ಬದಿಗೆ ಬಸ್ಸು ಹೋಗುವಾಗ ಬಿಸಿಲು ಅವಳ ಕಡೆಯ ಕಿಟಕಿಗೆ ಬೀಳುತ್ತಿತ್ತು, ಅವನು ಎದ್ದು ಜಾಗ ಬದಲಿಸಿಕೊಳ್ಳುತ್ತಿದ್ದ. ಅಷ್ಟೇ. ಹೆಚ್ಚು ಮಾತಿಲ್ಲ. ದಣಿದವರಿಗೆ ಮಾತಿಲ್ಲದ ಜೊತೆಯೇ ಸುಖ.

ಹಸೆ ಬರೆಯುವಾಗ ಗೆರೆ ನೇರ ಬರಲೆಂದು ದಾರದ ಆ ಕೊನೆ ಹಿಡಿದು ನಿಂತವನೂ ಅವನೇ.

ಬಟ್ಟೆ ಕೋಣೆಯಿಂದ ಎದ್ದು ಹಾಲಿಗೆ ಬಂದರೆ ಪೂರ್ಣೇಶ್ ಹಲಗೆಯ ಎದುರಿಗೇ ಕೂತು ಬ್ರೆಡ್ಡು ತಿನ್ನುತ್ತಿದ್ದ.

"ಗೌಡ್ರೆ, ದಂಡಿಗೆ ಒಳಗೆ ಬರ್ದಿದ್ದು ಯಾರು?"

"ನಾನೇ," ಎಂದ, ಮುಖ ಅರಳಿಸಿ. "ನೀನು ನಿದ್ದೆ ಹೋಗಿದ್ಯಲ್ಲ, ಅಲ್ಲೊಂದು ಜಾಗ ಖಾಲಿ ಉಳ್ದಿತ್ತು. ಎಬ್ಸಕ್ಕೆ ಮನಸ್ಸು ಬರ್ಲಿಲ್ಲ. ಊರಲ್ಲಿದ್ದಾಗ ಯಾವ್ದೋ ಫೋಟೋದಲ್ಲಿ ನೋಡಿದ್ದೆ, ಹಂಗೇ ತುಂಬಿಸ್ದೆ. ಎಂತ, ಚೆನ್ನಾಗಿಲ್ವ?"

"ಅದು ಮರ್ತು ಉಳ್ದಿದ್ದಲ್ಲ. ಬಿಟ್ಟಿದ್ದು."

ಕುಮುದಾ ಎಲ್ಲ ಹೇಳಿದಳು. ಅಪ್ಪನ ಫೋನು, ಸುಮನಾಳ ಸ್ಟೇಟಸ್ಸು, ಅಜ್ಜಿಯ ಮೌನ. ಅವಳು ಹೇಳುತ್ತ ಹೋದಂತೆ ಅವನ ಕೈಯ ಬ್ರೆಡ್ಡು ತಟ್ಟೆಗೆ ಇಳಿಯಿತು.

"ಅಯ್ಯೋ ದೇವ್ರೆ. ಈಗ್ಲೇ ಒರಿಸ್ತೀನಿ ಇರು," ಎಂದು ಎದ್ದ.

"ಬ್ಯಾಡ. ಹಸೇನ ಕೈಯಾರೆ ಒರ್ಸಬಾರ್ದು ಅಂತಾರೆ ಅಜ್ಜಿ. ತಾನಾಗೇ ಮಾಸ್ಬೇಕು."

"ಹಂಗಾರೆ ಫೋನ್ ಕೊಡು. ನಿಮ್ಮಪ್ಪಂಗೆ ನಾನೇ ಹೇಳ್ತೀನಿ. ತಪ್ಪು ನಂದು, ನಮ್ಮಿಬ್ರ ಮಧ್ಯ ಎಂತದೂ ಇಲ್ಲ ಅಂತ."

ಎಂತದೂ ಇಲ್ಲ. ತಾನು ಹೇಳಲಾರದೆ ನುಂಗಿದ ಮಾತನ್ನು ಅವನು ಎಷ್ಟು ಸಲೀಸಾಗಿ ಆಡಿದ! ಕುಮುದಾ ಮುಖ ಕಾಣಿಸಬಾರದೆಂದು ಹಲಗೆಯ ಕಡೆ ತಿರುಗಿ, ಬಗ್ಗಿ, ಆ ಗೊಂಬೆಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ಸೊಟ್ಟ ಗೆರೆ. ಬಣ್ಣ ದಪ್ಪ. ಗಂಡು ಗೊಂಬೆ ಬಾಳೆಗಿಡದ ಹಾಗೆ ನೆಟ್ಟಗೆ ಕೂತಿತ್ತು. ಹೆಣ್ಣು ಗೊಂಬೆ...

ಅವಳು ಇನ್ನಷ್ಟು ಬಗ್ಗಿದಳು.

"ಇದೆಂತ?"

"ಯಾವ್ದು?"

"ಹೆಣ್ಣಿನ ಮುಖದ ಮೇಲೆ ಎರಡು ಸೊನ್ನೆ."

"ಕಣ್ಣು," ಎಂದ ಪೂರ್ಣೇಶ್. ಎಂದವನು ಕಿಟಕಿಯಾಚೆ ನೋಡತೊಡಗಿದ.

"ಗಂಡಿಗೆ ಕಣ್ಣಿಲ್ಲ."

ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಕಿವಿಯ ತುದಿ ಮಾತ್ರ ಹಲಗೆಯ ಬಣ್ಣಕ್ಕೆ ತಿರುಗಿತ್ತು.

"ನಮ್ಮ ಹಸೇಲಿ ಯಾರಿಗೂ ಕಣ್ಣು ಬರಿಯಲ್ಲ ಗೌಡ್ರೆ. ಮತ್ತೆ ಈ ಎರಡು ಸೊನ್ನೆ ಮಧ್ಯ ಒಂದು ಗೆರೆ ಬೇರೆ ಇದೆ. ಕಿವಿಗೂ ಎರಡು ಗೆರೆ."

"ಕನ್ನಡಕ," ಎಂದ ಕೊನೆಗೆ, ಕಳ್ಳ ಸಿಕ್ಕಿಬಿದ್ದ ಹಾಗೆ.

ಕುಮುದಾ ತನ್ನ ಮೂಗಿನ ಮೇಲಿನ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ದೂಡಿದಳು. ಏನು ಮಾಡಬೇಕೆಂದು ತಿಳಿಯದಿದ್ದಾಗ ಅವಳು ಮಾಡುತ್ತಿದ್ದುದೇ ಅದು.

"ದಿನಾ ಬಸ್ಸಲ್ಲಿ ನಿದ್ದೆ ಹೋಗ್ತೀಯ," ಎಂದ ಅವನು, ಕಿಟಕಿಗೇ ಹೇಳುವ ಹಾಗೆ. "ಅದು ಜಾರಿ ಜಾರಿ ಮೂಗಿನ ತುದಿಗೆ ಬರತ್ತೆ. ಬಿದ್ರೆ ಹಿಡ್ಕಳನ ಅಂತ ನಾನು ಅದನ್ನೇ ನೋಡ್ತಾ ಕೂತಿರ್ತೀನಿ. ಮೂರು ತಿಂಗಳಾತು, ಒಂದಿನಾನೂ ಬಿದ್ದಿಲ್ಲ. ನಂಗೇ ಬೇಜಾರು."

"ಈಗ ಎಂತದೂ ಇಲ್ಲ ಅಂದ್ಯಲ್ಲ?"

"ನಿನ್ನ ಓದು ನಿಲ್ಬಾರ್ದು ಅಂತ ಅಂದೆ. ಅಲ್ದೆ, ನಿನ್ನ ಕಡೆಯಿಂದ ಎಂತ ಅಂತ ನಂಗೆಲ್ಲಿ ಗೊತ್ತು?"

ಕುಮುದಾ ನೆಲಕ್ಕೆ ಕೂತಳು. ನಗಬೇಕೆನಿಸಿತು, ಅಳು ಬಂತು.

"ನಂಗೆ ಭಾಳ ಸುಸ್ತಾಗಿದೆ ಪೂರ್ಣೇಶ್. ಅಪ್ಪಂಗೆ ಯಾರೂ ಇಲ್ಲ ಅಂತ ಹೇಳಕ್ಕೆ ಹೋದೆ. ಆಗ್ಲಿಲ್ಲ. ಇಡೀ ದಿನದಾಗೆ ನಾನು ಆರಾಮಾಗಿ ಕಣ್ಣು ಮುಚ್ಚೋದು ಆ ಬಸ್ಸಲ್ಲೊಂದೇ. ಯಾಕೆ ಅಂತ ಈಗ ಗೊತ್ತಾತು."

ಪೂರ್ಣೇಶ್ ಬಂದು ಅವಳ ಪಕ್ಕ ಕೂತ. ಮುಟ್ಟಲಿಲ್ಲ. ಇಬ್ಬರೂ ಕೆಂಪು ಹಲಗೆಯ ಎದುರಿಗೆ, ಮದುಮಕ್ಕಳು ಕೂರುವ ಜಾಗದಲ್ಲೇ ಕೂತಿದ್ದೇವೆಂದು ಅವಳಿಗೆ ಹೊಳೆದದ್ದು ಆಮೇಲೆ. ಹೊಳೆದ ಮೇಲೂ ಅವಳು ಏಳಲಿಲ್ಲ.

ಸಂಜೆ ಅವಳು ಫೋನು ಮಾಡಿ ಅಜ್ಜಿಗೇ ಕೊಡು ಎಂದಳು.

"ಅಜ್ಜಿ, ನಂಗೆ ಮದ್ವಿ ಆಗಿಲ್ಲ."

"ಗೊತ್ತು," ಎಂದಳು ಕನ್ನಮ್ಮ.

"ಗೊತ್ತಾ?"

"ಹೆಣ್ಣನ್ನ ಬಲಕ್ಕೆ ಕೂರ್ಸೈತೆ. ನಿನ್ನ ಕೈಯಾಗಿದ್ರೆ ಎಡಕ್ಕೆ ಕೂತಿರ್ತಿತ್ತು. ಗೆರೆ ಹಾವು ಹೋದಂಗೆ ಐತೆ. ಅದು ಗಂಡಿನ ಕೈ. ಆದ್ರೆ ಆ ಹೆಣ್ಣಿನ ಮಖಕ್ಕೆ ಕನ್ನಡಕ ಬರಿಯಾಗ ಮಾತ್ರ ಉಸ್ರು ಹಿಡ್ದು ಬರ್ದಾನೆ. ಅಷ್ಟು ಸಣ್ಣ ಗೆರೆ ನಂಗೂ ಬರಲ್ಲ. ಅದ್ಕೇ ನಿನ್ನಪ್ಪಂಗೆ ಅಂದೆ, ಮದ್ವಿ ಆತಾ ಅಂತ ಕೇಳಬ್ಯಾಡ, ಗಂಡು ಯಾರು ಅಂತ ಕೇಳು ಅಂತ."

ಕುಮುದಾ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ದೂಡಿದಳು.

"ನಮ್ಮೋನಾ?" ಅಜ್ಜಿ ಕೇಳಿದಳು.

"ಅಲ್ಲ ಅಜ್ಜಿ. ತೀರ್ಥಳ್ಳಿ ಕಡೆ. ಗೌಡ್ರ ಪೈಕಿ. ಪೂರ್ಣೇಶ್ ಅಂತ."

ದೂರದಲ್ಲಿ ಅಪ್ಪ ಏನೋ ಗದರಿದ್ದು ಕೇಳಿತು. "ಸುಮ್ನಿರೋ ನೀನು," ಎಂದಳು ಅಜ್ಜಿ ಆ ಕಡೆಗೆ. ಕುಮುದಾ ದನಿ ಇಳಿಸಿದಳು.

"ನಿಂಗೆ ಬ್ಯಾಸರ ಇಲ್ವ ಅಜ್ಜಿ?"

"ಐತೆ. ಇಲ್ದೆ ಏನು? ನಿನ್ನ ಹಸೆ ನಾನು ಬರಿಬೇಕು ಅಂತ ಕೂತೆ, ಕೂತಲ್ಲೇ ಕೈ ನಡುಗಕ್ಕೆ ಹತ್ತಿತು. ಮೊನ್ನೆ ಭೂಮಿ ಹುಣ್ಣಿಮಿಗೆ ಬುಟ್ಟಿ ಮ್ಯಾಲೆ ಚಿತ್ತಾರ ಬರಿಯಾಗ ನಾಕು ಗೆರೆಗೆ ಮೂರು ತಪ್ಪು. ಆ ಸಂಕ್ಟ ಬ್ಯಾರೆ, ನಿನ್ನ ಸಂಕ್ಟ ಬ್ಯಾರೆ. ಪರೀಕ್ಷೆ ಬರ್ದು ಬಾ. ಅವ್ನ್ನೂ ಕರ್ಕಂಬಾ. ನೋಡಿ ಹೇಳ್ತೀನಿ. ನೋಡ್ದೆ ನಾನು ಹ್ಞೂಂನೂ ಅನ್ನಲ್ಲ, ಊಹ್ಞೂಂನೂ ಅನ್ನಲ್ಲ."

ನವೆಂಬರ್ ಕೊನೆಗೆ ಇಬ್ಬರೂ ಒಂದೇ ವಿಮಾನದಲ್ಲಿ ಬಂದರು. ಬೆಂಗಳೂರಿನಿಂದ ರೈಲು. ಬೆಳಕು ಹರಿಯುವಾಗ ಶಿವಮೊಗ್ಗ ಬಂತು.

"ಗೌಡ್ರೆ, ತೀರ್ಥಳ್ಳಿಗೆ ಹೋಗೋರು ಇಲ್ಲೇ ಇಳೀಬೇಕು," ಎಂದಳು ಕುಮುದಾ. ದಾರಿಯುದ್ದಕ್ಕೂ ಅವಳು ಈ ನಿಲ್ದಾಣಕ್ಕೆ ಹೆದರುತ್ತಲೇ ಬಂದಿದ್ದಳು. ಪರದೇಶದಲ್ಲಿ ಆಡಿದ ಮಾತು ಊರಿನ ಗಾಳಿಗೆ ನಿಲ್ಲುತ್ತದೋ ಇಲ್ಲವೋ.

ಪೂರ್ಣೇಶ್ ಬ್ಯಾಗಿಗೆ ಕೈ ಹಾಕಲಿಲ್ಲ.

"ಅಮ್ಮಂಗೆ ಹೇಳಿದೀನಿ."

"ಯಾವಾಗ? ಎಂತ ಅಂದ್ರು?"

"ಹೋದ ವಾರ. ಎರಡು ದಿನ ಫೋನೇ ತೆಗೀಲಿಲ್ಲ. ಮೂರನೇ ದಿನ ತೆಗ್ದು, ಹೊಸನಗರದ ಮೇಲೆ ಸಾಗರಕ್ಕೆ ಹೋಗೋ ಬಸ್ಸು ಎಷ್ಟೊತ್ತಿಗಿದೆ ಅಂತ ಕೇಳಿದ್ರು."

"ಬೈಯಕ್ಕೆ ಬರ್ತಾರಾ?"

"ಇರ್ಬೋದು. ಬಸ್ಸಿನ ಟೈಮು ಮಾತ್ರ ಹೇಳ್ದೆ."

ರೈಲು ಹೊರಟಿತು. ಕುಮುದಾ ಕನ್ನಡಕ ತೆಗೆದು ಅವನ ಕೈಯಲ್ಲಿಟ್ಟು, ಅವನ ಭುಜಕ್ಕೆ ತಲೆಯಿಟ್ಟು, ಸಾಗರ ಬರುವವರೆಗೆ ಮಗುವಿನ ಹಾಗೆ ನಿದ್ದೆ ಹೋದಳು.

ಸಾಗರದ ಪ್ಲಾಟ್‌ಫಾರಮ್ಮಿನಲ್ಲಿ ಹೂವಪ್ಪ ಕೆಲಸದ ಖಾಕಿ ಹಾಕಿಕೊಂಡೇ ನಿಂತಿದ್ದ, ಮುಖ ಗಂಟು ಹಾಕಿಕೊಂಡು. ಅವನ ಪಕ್ಕದ ಕಲ್ಲುಬೆಂಚಿನ ಮೇಲೆ, ಮನೆಯ ಹೊಸ್ತಿಲು ದಾಟದೆ ಎರಡು ವರ್ಷವಾಗಿದ್ದ ಕನ್ನಮ್ಮ.

"ಬ್ಯಾಡ ಅಂದ್ರೂ ಕೇಳ್ಲಿಲ್ಲ, ಜೀಪು ಹತ್ತಿ ಕೂತ್ಲು," ಎಂದ ಹೂವಪ್ಪ, ಯಾರಿಗೋ ಎಂಬ ಹಾಗೆ.

ಪೂರ್ಣೇಶ್ ಬಗ್ಗಿ ಕಾಲು ಮುಟ್ಟಿದ. ಅಜ್ಜಿ ಅವನ ಮುಖ ನೋಡಲಿಲ್ಲ.

"ಕೈ ಕೊಡು. ಅದಲ್ಲ, ಬರ್ದ ಕೈ."

ಕೊಟ್ಟ. ನಾಲ್ಕೈದು ತಿಂಗಳು ಆಲೂಗಡ್ಡೆ ಸಿಪ್ಪೆ ತೆಗೆದು ಒರಟಾಗಿದ್ದ ಕೈ. ಅಜ್ಜಿ ತನ್ನ ನಡುಗುವ ಎರಡೂ ಕೈಗಳಲ್ಲಿ ಅದನ್ನು ಹಿಡಿದು, ಬೆರಳು ಬೆರಳಾಗಿ ಒತ್ತಿ, ಮಗುಚಿ ನೋಡಿದಳು. ಆಮೇಲೆ ಆ ತೋರುಬೆರಳನ್ನು ಬೆಂಚಿನ ಧೂಳಿನ ಮೇಲಿಟ್ಟು, "ಎಳಿ ಒಂದು ಗೆರೆ," ಎಂದಳು.

ಅವನು ಎಳೆದ. ರೈಲು ಹೋಗಿ ಪ್ಲಾಟ್‌ಫಾರಮ್ಮು ನಿಶ್ಶಬ್ದವಾಗಿತ್ತು. ಕುಮುದಾ ಬಗ್ಗಿದಳು. ಹೂವಪ್ಪನೂ ಗಂಟುಮುಖ ಮರೆತು ಬಗ್ಗಿ ನೋಡಿದ.

"ಸೊಟ್ಟ," ಎಂದಳು ಕನ್ನಮ್ಮ. ಕೈ ಬಿಡಲಿಲ್ಲ. "ಆದ್ರೆ ನಡುಗಲ್ಲ. ಕಲಿಸ್ಬೋದು."