ಎಡಗಡೆ ನೋಡಬೇಡಿ

"ಕೈ ಬಿಡೋ!"

"ಬಿಡ್ತೀನಿ ಇರಯ್ಯಾ... ಅಷ್ಟು ಅವಸರ ಏನು?"

ಹಾಗೆ ಅಂದೆನೇ ಹೊರತು ಪ್ರಾಣ ಬಾಯಿಗೆ ಬಂದಿತ್ತು. ತೂಗುರೈಲಿನ ಎಡಬಾಗಿಲು ತೆರೆದುಕೊಂಡು ಗಾಳಿಗೆ ಬಡಿಯುತ್ತಿತ್ತು. ನಾನು ಹೊಸ್ತಿಲು ಹಿಡಿದು ಹೊರಗೆ ನೇತಾಡುತ್ತಿದ್ದೆ. ಕೆಳಗೆ ಕೆರೆ. ಅದೂ ಸಿಮೆಂಟಿನ ಕೆರೆ. ಮಂಡಿಯುದ್ದ ನೀರು!

ಮೇಲೆ ಗೂಳಿ. ರೈಲು ಕಂಪನಿಯ ಆಳು. ತಲೆಗೂ ಭುಜಕ್ಕೂ ನಡುವೆ ಕುತ್ತಿಗೆ ಅನ್ನೋದೇ ಇಲ್ಲದ ಆಸಾಮಿ. ಅವನ ಬೂಟು ನನ್ನ ಬೆರಳಿನ ಮೇಲಿತ್ತು.

ಮುಂದೆ ತಿರುವು. ತಿರುವಿನಲ್ಲಿ ಡ್ರ್ಯಾಗನ್. ಅದರ ಹಸಿರು ರೆಕ್ಕೆ ನೇರ ನನ್ನ ಬೆನ್ನಿನ ಕಡೆಗೇ ಬರುತ್ತಿತ್ತು.

ಡ್ರೈವರ್ ಸೀಟಿನಲ್ಲಿ... ನನ್ನ ತಂಗಿ!

ತಡೀರಿ. ಅಲ್ಲಿಗೆ ಹೇಗೆ ಬಂದೆ ಅನ್ನೋದನ್ನ ಹೇಳಿಬಿಡ್ತೀನಿ. ಬೆರಳು ಇನ್ನೂ ಸ್ವಲ್ಪ ಹೊತ್ತು ತಡೆಯುತ್ತೆ.

ಊರ ಹೊರಗೆ ದೊಡ್ಡ ಥೀಮ್ ಪಾರ್ಕು. ಜೊತೆಗೆ ಹೋಟೆಲುಗಳು, ಕೆರೆ, ಕೋಟೆ, ಬೆಂಕಿ ಉಗುಳೋ ಡ್ರ್ಯಾಗನ್ ಗೊಂಬೆ, ಅದೂ ಇದೂ ಸುಡುಗಾಡು. ಯಜಮಾನನನ್ನು ಎಲ್ಲರೂ ಧಣಿ ಅಂತಿದ್ದರು. ಅವನ ಆಫೀಸಿನ ಮೇಜಿನ ಮೇಲೆ ಇಡೀ ಪಾರ್ಕಿನ ಪುಟ್ಟ ಮಾಡೆಲ್ ಇತ್ತು. ಧಣಿ ಅದರೊಳಗಿನ ಆಟದ ರೈಲನ್ನು ಬೆರಳಲ್ಲಿ ತಳ್ಳುತ್ತಾ ಕೂತಿದ್ದ.

"ಪಾರ್ಕಿಂಗಿಂದ ಗೇಟಿಗೆ ಬರೋಷ್ಟರಲ್ಲೇ ಜನ ಸುಸ್ತಾಗ್ತಾರೆ ಕಣೋ. ಓಡಾಡೋಕೆ ಏನಾದ್ರೂ ಬೇಕು. ಬಸ್ಸು, ದೋಣಿ, ತೂಗುರೈಲು. ಮೂರರಲ್ಲಿ ಯಾವುದು ಅಂತ ನೀನು ಹೇಳು."

"ನಾನಾ? ಸರ್, ನಾನು ಜನರ ತಂಟೆ ತಕರಾರು ಬಿಡಿಸೋನು. ಇಂಜಿನಿಯರ್ ಅಲ್ಲ."

"ಇಂಜಿನಿಯರುಗಳೆಲ್ಲ ಯಾವುದೋ ಒಂದು ಕಂಪನಿಯ ಜೇಬಲ್ಲಿದ್ದಾರೆ. ನೀನು ಯಾರ ಜೇಬಲ್ಲೂ ಹಿಡಿಸೋ ಪ್ರಾಣಿ ಅಲ್ಲ."

ಹೊಗಳಿದನೋ ಬೈದನೋ ಗೊತ್ತಾಗಲಿಲ್ಲ. ಒಪ್ಪಿಕೊಂಡೆ.

ಮೂರನ್ನೂ ಹತ್ತಿ ನೋಡಿದೆ. ದೋಣಿ ಚೆನ್ನಾಗಿತ್ತು, ಆದರೆ ಗಾಳಿ ಬೀಸಿದರೆ ದಡದಲ್ಲೇ ಮಲಗುತ್ತಿತ್ತು. ಬಸ್ಸು ನೋಡೋಕೆ ಚೆನ್ನಾಗಿರಲಿಲ್ಲ. ಹಂಪ್ ಬಂದರೆ ಮುದುಕನ ಹಾಗೆ ನರಳುತ್ತಿತ್ತು. ಆದರೆ ಕೆಟ್ಟರೆ ಸುಮ್ಮನೆ ನಿಲ್ಲುತ್ತಿತ್ತು. ಬಾಗಿಲು ತೆಗೆದರೆ ಕಾಲಿಗೆ ನೆಲ ಸಿಗುತ್ತಿತ್ತು. ಹಿಂದಿನಿಂದ ಇನ್ನೊಂದು ಬಸ್ಸು ಬರುತ್ತಿತ್ತು.

ತೂಗುರೈಲು? ಅದು ಮದುವಣಗಿತ್ತಿ! ಮೇಲೆ ಒಂದು ತೊಲೆ, ತೊಲೆಗೆ ನೇತುಬಿದ್ದ ಗಾಜಿನ ಡಬ್ಬಿ. ಸದ್ದಿಲ್ಲದೆ ಕೆರೆ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಸ್ಯಾಂಪಲ್ ಅಂತ ಕಂಪನಿಯವರು ಕೋಟೆಯವರೆಗೆ ಒಂದು ಲೈನು ಹಾಕಿಕೊಟ್ಟಿದ್ದರು. ಅದನ್ನು ಓಡಿಸುತ್ತಿದ್ದವಳು ನನ್ನ ತಂಗಿ.

ಅಪ್ಪ ಅಮ್ಮ ಹೋದ ಮೇಲೆ ನನಗೆ ಅವಳು, ಅವಳಿಗೆ ನಾನು. ಮೊದಲು ಊರಲ್ಲಿ ಬಸ್ಸು ಓಡಿಸುತ್ತಿದ್ದಳು. ಪ್ಯಾಸೆಂಜರುಗಳ ಬೈಗುಳ ತಿಂದು ತಿಂದು ಸಾಕಾಗಿತ್ತು. ಇಲ್ಲಿ ನೀಲಿ ಯೂನಿಫಾರ್ಮು, ತಲೆಗೊಂದು ಟೋಪಿ. ಆ ಟೋಪಿ ಅಂದರೆ ಅವಳಿಗೆ ಪಂಚಪ್ರಾಣ.

"ಅಣ್ಣ, ನೋಡು ನನ್ನ ಪ್ಯಾಸೆಂಜರ್ಸ್!"

ಸೀಟಿಗೊಂದು ಮರಳಿನ ಮೂಟೆ, ಬೆಲ್ಟ್ ಹಾಕಿ ಬಿಗಿದಿದ್ದರು. ಜನರ ತೂಕಕ್ಕೆ ಸರಿಯಾಗಿ ಮೂಟೆ. ಕಂಪನಿಯವರ ಟ್ರಯಲ್ ಎಲ್ಲಾ ಹೀಗೇ.

"ಜಗಳ ಆಡಲ್ಲ, ಉಗುಳಲ್ಲ, ಚಿಲ್ಲರೆ ಕೇಳಲ್ಲ..." ಅಂತ ನಕ್ಕಳು.

ಟ್ರಯಲ್ ಬೆಣ್ಣೆಯ ಹಾಗೆ ಹೋಯಿತು. ಬರೆದುಕೊಡೋಣ, ತೂಗುರೈಲೇ ಸರಿ ಅಂದುಕೊಂಡೆ.

ಅವತ್ತು ಮಧ್ಯಾಹ್ನ ತಂಗಿ ಕಸ ಗುಡಿಸುವ ನಾಲ್ಕೈದು ಹೆಂಗಸರನ್ನು ಪ್ರೀತಿಯಿಂದ ಒಂದು ರೌಂಡು ಕೂರಿಸಿಕೊಂಡಳು. ನಾನೂ ಹತ್ತಿದೆ. ತಿರುವು ಬಂತು. ಡ್ರ್ಯಾಗನ್ ಬಾಯಿ ತೆರೆದು ಭುಸ್ಸಂತ ಬೆಂಕಿ ಉಗುಳಿತು.

"ಅಯ್ಯೋ, ನೋಡ್ರೇ!"

ಒಬ್ಬರೂ ಬಿಡದೆ ಎಲ್ಲರೂ ಎದ್ದು ಎಡಗಡೆ ಕಿಟಕಿಗೆ ಓಡಿದರು. ನಾನೂ ಓಡಿದೆ, ಯಾಕೆ ಸುಳ್ಳು ಹೇಳಲಿ! ಡಬ್ಬಿ ಎಡಕ್ಕೆ ವಾಲಿತು. ಇನ್ನೂ ವಾಲಿತು. ಹೊರಗೆ ಏನೋ ಕರಕರ ಉಜ್ಜಿದ ಸದ್ದು ಬಂತು. ಡ್ರ್ಯಾಗನ್ ರೆಕ್ಕೆ!

ಸೀಟಿನ ಕಂಬಿ ಹಿಡಿದುಕೊಂಡೆ. ಹೆಂಗಸರು ನಗುತ್ತಿದ್ದರು. ಅದೂ ಆಟದ ಭಾಗ ಅಂದುಕೊಂಡಿದ್ದರು ಪಾಪ.

ಮಾರನೇ ದಿನ ಹೋಗಿ ನೋಡಿದರೆ ಡಬ್ಬಿಯ ಮೇಲೆ ಗೀರೇ ಇಲ್ಲ. ಕೈಯಿಟ್ಟೆ. ಅಂಗೈ ನೀಲಿಯಾಯಿತು. ಹಸಿ ಪೇಂಟು!

ಹಿಂದಿನಿಂದ ಒಂದು ಕೈ ಹೆಗಲ ಮೇಲೆ ಬಿತ್ತು. ಗೂಳಿ.

"ಮೂಟೆ ಇಟ್ಟು ಟೆಸ್ಟ್ ಮಾಡಿದೀವಿ. ಪಾಸಾಗಿದೆ."

"ಮೂಟೆ ಫೋಟೋ ತೆಗೆಯೋಕೆ ಕಿಟಕಿಗೆ ಓಡಲ್ಲಪ್ಪಾ."

"ತಂಗಿ ಕೆಲಸ ಚೆನ್ನಾಗಿ ನಡೀತಿದೆ ತಾನೆ? ನಡೀಲಿ ಬಿಡು." ಹಲ್ಲು ಕಿರಿದ.

ಸೀದಾ ಧಣಿ ಹತ್ತಿರ ಹೋದೆ. ಎಲ್ಲಾ ಹೇಳಿದೆ. ಅವನು ಆಟದ ರೈಲನ್ನೇ ನೋಡುತ್ತಾ ಅಂದ, "ನನ್ನ ಕಣ್ಣಿಗೆ ತೋರಿಸು. ನಾಳೆ ಕೆಲಸದವರ ಮನೆಯವರೆಲ್ಲ ಪಾರ್ಕು ನೋಡೋಕೆ ಬರ್ತಾರೆ. ನಾನು ಬಾಲ್ಕನಿಯಲ್ಲಿರ್ತೀನಿ."

ತಂಗಿಯನ್ನು ಒಪ್ಪಿಸೋದು ಅದಕ್ಕಿಂತ ಕಷ್ಟವಾಯಿತು.

"ಅಣ್ಣ, ಈ ರೈಲು ಹೋದ್ರೆ ನನ್ನ ಕೆಲಸಾನೂ ಹೋಯ್ತು."

"ಈ ರೈಲು ಇದ್ರೆ ನೀನೇ ಹೋಗ್ತೀಯ ಕಣೇ!"

ಅವಳು ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡು ಅದರ ಅಂಚು ಸವರಿದಳು. ಆಮೇಲೆ, "ಮೆಲ್ಲಗೆ ಓಡಿಸ್ತೀನಿ" ಅಂದಳು.

ಮಾರನೇ ದಿನ ಜನ ಕೆಳಗೆ ನಿಂತು ನೋಡುತ್ತಿದ್ದ ಹಾಗೆ, ಮೂಟೆ ತುಂಬಿದ ರೈಲು ಹೊರಟಿತು. ನಾನು ಬೆಲ್ಟ್ ಬಿಚ್ಚಿ ಮೂಟೆಗಳನ್ನು ಒಂದೊಂದಾಗಿ ಎಡಕ್ಕೆ ಎಳೆದೆ. ಡಬ್ಬಿ ವಾಲತೊಡಗಿತು. ಕೊನೆಯ ಸೀಟಿನ ಹಿಂದೆ ಒಂದು ಮೂಟೆ ತಾನಾಗೇ ಎದ್ದು ನಿಂತಿತು.

ಮೂಟೆಯಲ್ಲ... ಗೂಳಿ!

ಒಂದು ಗುದ್ದು. ನಾನು ಬಿದ್ದೆ. ಅವನು ಎಮರ್ಜೆನ್ಸಿ ಹಿಡಿ ಎಳೆದು ಬಾಗಿಲು ತೆಗೆದ. ಒಂದು ಒದೆತ. ನಾನು ಹೊರಗೆ!

ಬೆರಳು... ಬೂಟು... ರೆಕ್ಕೆ...

"ಬ್ರೇಕ್! ಬ್ರೇಕ್ ಹಾಕೇ!" ಅರಚಿದೆ.

ತಂಗಿ ಕನ್ನಡಿಯಲ್ಲಿ ನೋಡಿಬಿಟ್ಟಿದ್ದಳು. ಬ್ರೇಕು ಕಿರ್ರೆಂದಿತು. ಗೂಳಿ ಮುಗ್ಗರಿಸಿ ಮೂಟೆಗಳ ಮೇಲೆ ಬಿದ್ದ. ಅವಳು ಓಡಿಬಂದು ನನ್ನ ಕಾಲರು ಹಿಡಿದು ಎಳೆದಳು. ನಾನು ಒಳಗೆ ಉರುಳಿದೆ. ಡಬ್ಬಿ ಇನ್ನೂ ಜಾರುತ್ತಿತ್ತು. ನಾನು ನೇತಾಡುತ್ತಿದ್ದ ಜಾಗಕ್ಕೇ ರೆಕ್ಕೆ ಬಂದು ಬಡಿಯಿತು. ಬಾಗಿಲು ಕಿತ್ತುಕೊಂಡು ಹೋಗಿ ಕೆರೆಗೆ ಬಿತ್ತು. ಗಾಜು ಪುಡಿಪುಡಿ.

ತಂಗಿ ನನ್ನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ನನಗೆ ಮಾತ್ರ ಒಳಗೊಳಗೇ ಖುಷಿ. ಗೆದ್ದೆ! ಧಣಿ ಕಣ್ಣಾರೆ ನೋಡಿದ್ದ.

ಆಗ ಕೆಳಗಿನಿಂದ ಸದ್ದು ಕೇಳಿಸಿತು. ಕಿರುಚಾಟ ಅಂದುಕೊಂಡೆ. ಇಣುಕಿ ನೋಡಿದೆ.

ಚಪ್ಪಾಳೆ! ಶಿಳ್ಳೆ! ಎಲ್ಲರ ಕೈಯಲ್ಲೂ ಮೊಬೈಲು.

"ಒನ್ಸ್ ಮೋರ್!" ಅಂತ ಯಾರೋ ಕೂಗಿದರು.

ರೈಲು ನಿಲ್ದಾಣ ಮುಟ್ಟಿದ ಕೂಡಲೇ ಇಳಿದು ಬಾಲ್ಕನಿಗೆ ಓಡಿದೆ. ಧಣಿಯ ಮುಖ ಹೂವಿನ ಹಾಗೆ ಅರಳಿತ್ತು.

"ತೂಗುರೈಲೇ ಕಣೋ! ಕೇಳಿಸ್ತಾ ಆ ಸದ್ದು? ಬಸ್ಸಿಗೆ ಯಾರು ಶಿಳ್ಳೆ ಹೊಡೀತಾರೆ ಹೇಳು?"

"ಸರ್, ನಾನು ಸಾಯ್ತಿದ್ದೆ."

"ಸಾಯಲಿಲ್ವಲ್ಲ. ರೆಕ್ಕೆ ತುದಿ ಕತ್ತರಿಸಿಬಿಟ್ರೆ ಆಯ್ತು."

"ರೆಕ್ಕೆ ಪ್ಲಾಸ್ಟಿಕ್ಕು ಸರ್. ಅದರ ಹಿಂದೆ ಕೋಟೆಯ ಗೋಪುರ ಇದೆ, ಕಲ್ಲಿನದು. ನಾನು ಮೂಟೆ ಮೆಲ್ಲಗೆ ಎಳೆದಿದ್ದಕ್ಕೇ ಇಷ್ಟು. ಡಬ್ಬಿ ತುಂಬ ಜನ ಒಟ್ಟಿಗೆ ಓಡಿದ್ರೆ ಅಲ್ಲಿಗೇ ಹೋಗಿ ಬಡಿಯುತ್ತೆ."

"ಓಡಬೇಡಿ ಅಂತ ಬೋರ್ಡ್ ಹಾಕ್ತೀವಿ."

"ಡ್ರ್ಯಾಗನ್ನಾದ್ರೂ ನಿಲ್ಲಿಸಿ!"

"ಡ್ರ್ಯಾಗನ್ ನಿಲ್ಲಿಸಿದ್ರೆ ಜನ ಯಾಕೋ ಬರ್ತಾರೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ. ಕೊನೆಗೆ ಸೆಕ್ಯೂರಿಟಿಯವರು ನನ್ನ ರೆಟ್ಟೆ ಹಿಡಿದು ಗೇಟಿನವರೆಗೆ ಬಿಟ್ಟು ಬಂದರು. ಗೇಟಿನ ಬಳಿ ಗೂಳಿ ಸಲಾಮು ಹೊಡೆದ.

ತಂಗಿಯ ಮನೆಗೆ ಹೋದೆ. ಅವಳು ಯೂನಿಫಾರ್ಮು ಇಸ್ತ್ರಿ ಮಾಡುತ್ತಿದ್ದಳು.

"ಬಿಟ್ಟುಬಿಡೇ. ನಿನ್ನ ಕಾಲಿಗೆ ಬೀಳ್ತೀನಿ."

"ನಾನು ಬಿಟ್ರೆ ನಾಳೆ ಇನ್ನೊಬ್ಬಳನ್ನ ಕೂರಿಸ್ತಾರೆ. ಅವಳು ಕನ್ನಡಿ ನೋಡ್ತಾಳೋ ಇಲ್ವೋ... ನಂಗೆ ಆ ತಿರುವು ಗೊತ್ತಣ್ಣ. ನಾನಿದ್ರೆ ಮೆಲ್ಲಗೆ ಓಡಿಸ್ತೀನಿ."

"ಜೋರಾಗಿ ಓಡಿಸು ಅಂತಾರೆ."

"ಅಂದಾಗ ನೋಡೋಣ."

ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನನ್ನ ಬೆರಳಿನ ಬ್ಯಾಂಡೇಜು ಸರಿಮಾಡಿದಳು. ಬಾಯಿಮಾತಿನಲ್ಲಿ ಎಂಥೆಂಥವರನ್ನೋ ಬಗ್ಗಿಸಿದವನು ನಾನು. ಒಡಹುಟ್ಟಿದವಳನ್ನು ಬಗ್ಗಿಸೋಕಾಗದೆ ಅವಳ ಯೂನಿಫಾರ್ಮು ಮಡಿಸಿಕೊಟ್ಟು ಎದ್ದೆ.

ಓಪನಿಂಗ್ ದಿನ ಟಿಕೆಟ್ ತಗೊಂಡು ಒಳಗೆ ಹೋದೆ. ಪಾರ್ಕಿಂಗಿನಿಂದ ಕೋಟೆಗೆ ಒಂದೇ ಒಂದು ಹಳೇ ಬಸ್ಸು ಉಳಿದಿತ್ತು. ಹತ್ತಿದೆ. ಡ್ರೈವರು, ನಾನು, ಖಾಲಿ ಸೀಟುಗಳು. ತೂಗುರೈಲಿನ ಕ್ಯೂ ಮಾತ್ರ ಕೆರೆ ಸುತ್ತ ಬೆಳೆದಿತ್ತು.

ಕೋಟೆ ಮುಂದೆ ಇಳಿದೆ. ತೂಗುರೈಲು ಬರುತ್ತಿತ್ತು. ಮೆಲ್ಲಗಲ್ಲ... ಜೋರಾಗಿ! ಒಳಗೆ ಜನ ತುಂಬಿ ತುಳುಕುತ್ತಿದ್ದರು. ಮುಂದಿನ ಗಾಜಿನಲ್ಲಿ ನೀಲಿ ಟೋಪಿ ಕಾಣಿಸಿತು. ಅವಳು ನನ್ನನ್ನು ನೋಡಿ ಕೈ ಬೀಸಿದಳು.

ರೈಲಿನೊಳಗೆ ಬೋರ್ಡೂ ಕಾಣಿಸಿತು, ಟಿಕೆಟಿನ ಬೆನ್ನಿಗೂ ಅದೇ ಮಾತು ಅಚ್ಚಾಗಿತ್ತು. ಧಣಿ ಮಾತಿಗೆ ತಪ್ಪಿರಲಿಲ್ಲ. 'ದಯವಿಟ್ಟು ಎಡಗಡೆ ನೋಡಬೇಡಿ, ಎದ್ದು ಓಡಾಡಬೇಡಿ.' ಅಕ್ಷರ ಚಿಕ್ಕದು, ಸುತ್ತ ಬಣ್ಣದ ದೀಪ.

"ನಿಲ್ಲಿಸೇ! ನಿಲ್ಲಿಸು!" ತಿರುವಿನ ಕಡೆಗೆ ಕೈ ಬೀಸುತ್ತಾ ಓಡಿದೆ. ಸುತ್ತ ನಿಂತವರು ನನ್ನನ್ನೂ ನಾಟಕದವನು ಅಂದುಕೊಂಡು ಚಪ್ಪಾಳೆ ತಟ್ಟಿದರು. ಡ್ರ್ಯಾಗನ್ ಇನ್ನೂ ಬಾಯಿ ಕೂಡ ತೆರೆದಿರಲಿಲ್ಲ. ಆದರೂ ಡಬ್ಬಿ ವಾಲತೊಡಗಿತ್ತು.

ಬೋರ್ಡನ್ನು ನೇತುಹಾಕಿದ್ದು ಎಡಗಡೆ ಕಿಟಕಿಗೆ... ಓದೋದಕ್ಕೆ ಅಂತ ಎಲ್ಲರೂ ಎದ್ದು ಅಲ್ಲಿಗೇ ಬಂದಿದ್ದರು!