ಮೂರು ಮೊಳ ಗೋಡೆ

ನಾಡಿನ ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆಯೊಂದು ಸೋಮವಾರ ಬೆಳಿಗ್ಗೆ 10:40ಕ್ಕೆ ಸಿರುಗುಪ್ಪ ತಾಲ್ಲೂಕಿನ ಠಾಣೆಯೊಂದನ್ನು ತಲುಪಿತು: ಒಂದು ಗೋಡೆ ಕಳುವಾಗಿತ್ತು. ಎಮ್ಮೆ, ಪಂಪ್‌ಸೆಟ್ಟು, ಕೇಬಲ್ಲು, ಒಮ್ಮೆ ಮದುವೆಯ ಗಂಡು ಕಾಣೆಯಾದದ್ದನ್ನೂ ಸಬ್‌ಇನ್‌ಸ್ಪೆಕ್ಟರ್ ಚನ್ನಬಸವರಾಜ ಬರೆದುಕೊಂಡಿದ್ದ. ಗೋಡೆ ಹೊಸದು. ಆದರೆ ಬಳ್ಳಾರಿಯ ಬಂದೋಬಸ್ತ್ ಮುಗಿಸಿ ಆಗಷ್ಟೇ ಬಂದಿದ್ದ ಅವನಿಗೆ ಅಚ್ಚರಿಪಡಲು ತ್ರಾಣವಿರಲಿಲ್ಲ.

“ಬಿದ್ದೈತೇನು ನೋಡ್ರಿ ಮೊದ್ಲು.”

“ಬಿದ್ದಿಲ್ಲ ಸರ್, ಒಯ್ದಾರ,” ಎಂದ ದೂರುದಾರ ಶಶಿಕಾಂತ್, ಚಿಕ್ಕಬೆಳಗಲ್ಲಿನ ಲೂಥರನ್ ಸಭೆಯ ಕಾರ್ಯದರ್ಶಿ. “ಹಳೇ ಚರ್ಚಿಂದು.”

“ಅದನ್ನ ಶುಕ್ರವಾರ ನೀವ ಕೆಡವಾವ್ರು ಅಂತಲ್ರಿ?”

“ನಾವು ಕೆಡವೋದು ಬ್ಯಾರೆ ಸರ್. ಕಳುವು ಬ್ಯಾರೆ.”

ಬರುವ ಭಾನುವಾರ ಹೊಸ ಆರ್‌ಸಿಸಿ ಚರ್ಚಿನ ಪ್ರತಿಷ್ಠೆಯಿತ್ತು. ಇದು ಸಭೆಯ ಮಾನದ ಪ್ರಶ್ನೆ ಎಂದು ಶಶಿಕಾಂತ್ ಕಳವಿನ ಜೊತೆಗೆ ಆರಾಧನಾ ಸ್ಥಳಕ್ಕೆ ಅವಮಾನ ಎಂಬ ಕಲಮನ್ನೂ ಬರೆಸಿದ. ಅದಕ್ಕೆ ಠಾಣೆಯಲ್ಲಿ ಜಾಮೀನಿಲ್ಲ. ಎಫ್‌ಐಆರ್ ಆಯಿತು. ಕಳುವಾದ ಸ್ವತ್ತು: ‘ಗೋಡೆ, ಮಣ್ಣಿನದು, ಅಗಲ ಮೂರು ಮೊಳ.’

ಸ್ಥಳದಲ್ಲಿ ನೋಡಿದರೆ ಮಾತು ನಿಜ. ತಗಡಿನ ಚಾವಣಿ ಕಂಬಗಳ ಮೇಲೆ ನಿಂತಿತ್ತು. ಬಡಗಣ ಗೋಡೆಯಲ್ಲಿ ಮಾತ್ರ ಬಾಗಿಲಿನಷ್ಟು ಬಯಲು. ಅಂಚನ್ನು ಚೂರಿಯಲ್ಲಿ ರೊಟ್ಟಿ ಕೊಯ್ದಂತೆ ನೀಟಾಗಿ ಕೊಯ್ದಿದ್ದರು.

“ಮೊದ್ಲು ಬೇವಿನ ಗಿಡದ ಬುಡಕ್ಕ ಆರಾಧನಿ ನಡೀತಿತ್ತಂತ ಸರ್,” ಎಂದ ಶಶಿಕಾಂತ್. “ತೆಲುಗು ಸೀಮಿಯಿಂದ ಬಿಳಿ ದೊರಿ ಚಕ್ಕಡ್ಯಾಗ ಬಂದು ಪಾಠ ಹೇಳಿ ಹೋಗ್ತಿದ್ದ. ಆಮ್ಯಾಲ ನಮ್ಮ ಹಿರ್ಯಾರು ಇದನ್ನ ಕಟ್ಟಿದ್ರು. ಮನಿಗೆ ಮೂರು ಮೊಳ ಗ್ವಾಡಿ. ಕ್ರಿಸ್‌ಮಸ್ ಬಂತಂದ್ರ ಅವರವರ ಪಾಲು ಅವರವ್ರ ಮೆತ್ತಿ ಸುಣ್ಣ ಬಳೀಬೇಕು.”

“ಹೋಗಿದ್ದು ಯಾರ ಪಾಲು?”

“ಈಗ ಪಾಲು ಗೀಲು ಇಲ್ಲ ಸರ್. ಎಲ್ಲಾ ಸಭೆದು.”

ಪಂಚನಾಮೆಗೆ ಪಂಚರು ಬೇಕಿತ್ತು. ಒಬ್ಬನಿಗೆ ನಾಟಿ, ಇನ್ನೊಬ್ಬನಿಗೆ ನೆಂಟರು, ಮೂರನೆಯವನಿಗೆ ಪೊಲೀಸರನ್ನು ಕಂಡ ಕೂಡಲೇ ಸೊಂಟನೋವು. ದಾರಿಹೋಕನೊಬ್ಬನನ್ನು ಹೆಡ್ ಕಾನ್‌ಸ್ಟೆಬಲ್ ಪೀರಸಾಬ್ ಹಿಡಿದು ತಂದ. ತಾನಾಗಿ ಬಂದವನು ಒಬ್ಬನೇ, ಯರ್ರಿಸ್ವಾಮಿ ಎಂಬ ಮುದುಕ. ಬಯಲನ್ನು ತಾನೇ ಮೊಳ ಹಾಕಿ ಅಳೆದುಕೊಟ್ಟು ಸಹಿ ಮಾಡಿದ.

ಇಡೀ ಸಭೆ ಶನಿವಾರ, ಭಾನುವಾರ ಎರಡೂ ದಿನ ಬಳ್ಳಾರಿಯ ಕೂಟಕ್ಕೆ ಹೋಗಿತ್ತು. ರಸ್ತೆಬದಿಯ ರೈಸ್‌ಮಿಲ್ಲಿನ ಕ್ಯಾಮೆರಾದಲ್ಲಿ ಶನಿವಾರ ಮಧ್ಯಾಹ್ನ ಚೀಲ ಹೇರಿದ ಒಂದೇ ಒಂದು ಲಗೇಜ್ ಆಟೋ ಕಂಡಿತು. ಮಂಗಳವಾರ ಅದರ ಚಾಲಕ ರಾಮಾಂಜಿನಿಯನ್ನು ಕರೆಸಿದರು.

“ಚೀಲದಾಗ ಏನಿತ್ತಲೇ?”

“ಮಣ್ಣು ಸಾರ್. ಕುರುಗೋಡಿನ ಹತ್ರ ಒಂದು ಹೊಲಕ್ಕ ಇಳಿಸಿ ಬಂದೆ.”

“ಬಾಡಿಗಿ ಹಿಡಿದಾವ್ರು ಯಾರು?”

“ನಿನ್ನಿ ನಿಮ್ಮ ಪಂಚನಾಮಕ್ಕ ಸಹಿ ಹಾಕ್ಯಾರಲ್ರಿ ಸಾರ್, ಆ ಯಜಮಾನ್ರು.”

ಚನ್ನಬಸವರಾಜ ಕಣ್ಣು ಮುಚ್ಚಿಕೊಂಡ. ಕಳ್ಳನೇ ಪಂಚನಾದ ಪಂಚನಾಮೆಯನ್ನು ಈಗ ಹೊಸದಾಗಿ ಬರೆಯಬೇಕು. “ಅಂಥಾ ಛಲೋ ಪಂಚ ನಮಗ ಮತ್ತ ಸಿಗಂಗಿಲ್ಲ ಬಿಡ್ರಿ ಸರ್,” ಎಂದ ಪೀರಸಾಬ್.

ಮುದುಕನನ್ನೂ ಶಶಿಕಾಂತನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಕುರುಗೋಡಿಗೆ ಹೋದರು. ಹೊಲದ ಬದುವಿನಲ್ಲಿ ಒಂದು ಸಮಾಧಿ. ಹೊಸದಾಗಿ ಮೆತ್ತಿದ ಮಣ್ಣಿನಲ್ಲಿ ಹಳೆಯ ಸುಣ್ಣದ ಹಕ್ಕಳೆಗಳು ಉಳ್ಳಾಗಡ್ಡಿ ಸಿಪ್ಪೆಯಂತೆ ಹೊಳೆಯುತ್ತಿದ್ದವು.

“ಯಾರದು?”

“ಮಗಳದು. ಜ್ಯೋತಿಲಕ್ಷ್ಮಿ.”

“ಗ್ವಾಡಿ ಯಾಕ ಒಡದಿ?”

“ನನ್ನ ಪಾಲು ಸಾರ್. ಮೂರು ಮೊಳದ ಮ್ಯಾಲ ಒಂದು ಬೊಗಸಿ ತಗಂಡಿಲ್ಲ. ವರ್ಷಾ ಅದನ್ನ ಮೆತ್ತತಿದ್ದಾಕಿ ಅಕೀನ.”

“ಹಂಗಾದ್ರ ನಿನ್ನಿ ಯಾಕ ಹೇಳಲಿಲ್ಲ?”

“ಹೇಳಿದ್ರ ನಿನ್ನೀನ ತಿರುಗಿ ಒಯ್ತಿದ್ರಿ. ಎಲ್ಡು ದಿನ ಬಿಸಲಿಗೆ ಒಣಗಲಿ ಅಂತ ಸುಮ್ಕಿದ್ದೆ.” ಮುದುಕ ಸಮಾಧಿಗೂ ಪೊಲೀಸರಿಗೂ ನಡುವೆ ಬಂದು ನಿಂತ. “ನನ್ನ ಒಯ್ರಿ ಸಾರ್. ಮಣ್ಣು ಬಿಡ್ರಿ.”

ಅವಳು ಸಭೆಯ ಹೊರಗಿನ ಹುಡುಗನನ್ನು ಮದುವೆಯಾಗಿದ್ದಳು. ಸಭೆ ಅವಳ ಹೆಸರು ತೆಗೆದುಹಾಕಿತು. ಯುಗಾದಿಯ ಮುಂದೆ ಜ್ವರದಲ್ಲಿ ತೀರಿಕೊಂಡಾಗ ಚರ್ಚಿನ ಹಿಂದಿನ ಮಣ್ಣಿನಲ್ಲಿ ಜಾಗ ಕೊಡಿ ಎಂದು ತಂದೆ ಕೇಳಿದ. ಹಿರಿಯರು ಕೊಡಲಿಲ್ಲ; ಗಂಡನ ಹೊಲದಲ್ಲೇ ಮಣ್ಣು ಮಾಡಿದರು. ಮಗಳನ್ನು ಚರ್ಚಿಗೆ ಒಯ್ಯಲಾಗದವನು ಚರ್ಚಿನಲ್ಲಿ ತನ್ನದೆಂದು ತಿಳಿದಷ್ಟನ್ನು ಮಗಳ ಹತ್ತಿರ ಒಯ್ದಿದ್ದ.

“ಸಭೆ ಆಸ್ತಿ ಸರ್. ಜಪ್ತಿ ಆಗಬೇಕು,” ಎಂದ ಶಶಿಕಾಂತ್. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

“ಆಗ್ಲಿ. ನಿಮ್ಮ ಸ್ವತ್ತು ನಿಮಗ ಗುರ್ತು. ನೀವ ಅಗದು ತೋರಸ್ರಿ,” ಎಂದ ಚನ್ನಬಸವರಾಜ.

ಪೀರಸಾಬ್ ಜೀಪಿನಿಂದ ಗುದ್ದಲಿ ತಂದು ಚಾಚಿದ. ಶಶಿಕಾಂತ್ ಅದನ್ನು ಮುಟ್ಟಲಿಲ್ಲ. ಸಮಾಧಿಯ ಮುಂದೆ ಚಪ್ಪಲಿ ಬಿಟ್ಟ; ಮತ್ತೆ ಮೆಟ್ಟಿಕೊಂಡು ಜೀಪಿನಲ್ಲಿ ಹೋಗಿ ಕುಳಿತ.

ಚನ್ನಬಸವರಾಜ ಒಂದು ಹಿಡಿ ಮಣ್ಣನ್ನು ಮಾದರಿಯೆಂದು ಬಟ್ಟೆಯಲ್ಲಿ ಕಟ್ಟಿ ಅರಗಿನ ಮೊಹರು ಒತ್ತಿದ. ಉಳಿದದ್ದು ‘ಸಾಗಿಸಲು ಯೋಗ್ಯವಲ್ಲ’ ಎಂದು ಬರೆದ. ಸಂಜೆ 5:15ಕ್ಕೆ ಯರ್ರಿಸ್ವಾಮಿಯನ್ನು ಬಂಧಿಸಲಾಯಿತು. ಅವಮಾನದ ಉದ್ದೇಶ ಕಂಡುಬಂದಿಲ್ಲ ಎಂದು ಪೊಲೀಸರೇ ಬರೆದಿದ್ದರಿಂದ ನ್ಯಾಯಾಲಯ ಮರುದಿನ ಜಾಮೀನು ಕೊಟ್ಟಿತು. ಆದರೆ ಆ ಜಾಮೀನಿಗೆ ಹೊಣೆ ನಿಲ್ಲಲು ಊರಿನಿಂದ ಯಾರೂ ಬರಲಿಲ್ಲ.

ಶುಕ್ರವಾರ ಹಳೆಯ ಚರ್ಚನ್ನು ಕೆಡವಿದರು. ಭಾನುವಾರ ಹೊಸದರ ಪ್ರತಿಷ್ಠೆ ನಡೆಯಿತು. ಯರ್ರಿಸ್ವಾಮಿ ಇನ್ನೂ ಬಳ್ಳಾರಿಯ ಜೈಲಿನಲ್ಲೇ ಇದ್ದ.